ನೂರಾ ಒಂಬತ್ತನೆಯ ಹೊಡೆತ

ನಾನು ಕಂಡ ಗಾಲ್ಫ್ ಆಟಗಾರರಲ್ಲಿ ಆ ಆಟವನ್ನು ಎಳ್ಳಷ್ಟೂ ಇಷ್ಟಪಡದವರು ಅವರೊಬ್ಬರೇ. ಉಳಿದವರೂ ಆಡುವಾಗ ಬೈದುಕೊಳ್ಳುತ್ತಾರೆ, ಕೋಲನ್ನು ನೆಲಕ್ಕೆ ಬಡಿಯುತ್ತಾರೆ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಆಣೆ ಮಾಡಿ ಮುಂದಿನ ಭಾನುವಾರ ತಪ್ಪದೆ ಹಾಜರಾಗುತ್ತಾರೆ. ಅದು ಹುಚ್ಚು, ಅದಕ್ಕೆ ಮದ್ದಿಲ್ಲ. ಇವರದು ಹಾಗಲ್ಲ. ನಗುನಗುತ್ತ ಆಡುತ್ತಿದ್ದರು, ಯಾರ ಮೇಲೂ ಸಿಟ್ಟಿಲ್ಲ, ಚೆಂಡು ಕಳೆದರೆ ಬೇಸರವಿಲ್ಲ, ಸಿಕ್ಕರೆ ಸಂತೋಷವೂ ಇಲ್ಲ. ಅವರಿಗೆ ಬೇಕಾಗಿದ್ದದ್ದು ಆ ನೆಲ. ದಿನಾ ಮುಂಜಾನೆ ಅದರ ಮೇಲೆ ಒಂದು ಸುತ್ತು ನಡೆದು ಬರಬೇಕು, ಅಷ್ಟೇ. ಅದಕ್ಕಾಗಿ ಅರವತ್ತೇಳನೆಯ ವಯಸ್ಸಿನಲ್ಲಿ ಗಾಲ್ಫ್ ಕಲಿತರು.

ಕಳೆದ ತಿಂಗಳು ತೀರಿಕೊಂಡರು. ಸುತ್ತಲಿನ ನಾಲ್ಕು ಹಳ್ಳಿಗಳ ಜನ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಇಲ್ಲಿ ಹಾಗೇ ಎನ್ನುತ್ತೇನೆ. ಹೆಸರು ಬರೆದರೆ ಅವರ ತಮ್ಮಂದಿರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ದನದ ಡಾಕ್ಟರ್. ಕುಡಚಿಯಲ್ಲಿ ಮನೆ ಮಾಡಿಕೊಂಡು ಇಪ್ಪತ್ತೆರಡು ವರ್ಷ ಸುತ್ತಲಿನ ಎಮ್ಮೆಗಳ ಹಿಂಭಾಗ ನೋಡಿಕೊಂಡೇ ಬದುಕಿದವನು. ಕಾಕಾ ಅವರ ಪರಿಚಯವಾದದ್ದೂ ಎಮ್ಮೆಯ ದೆಸೆಯಿಂದಲೇ. ದಿಗ್ಗೇವಾಡಿ ಕಡೆಯ ಅವರ ಹೊಲದ ಮನೆಗೆ ಹೋಗಿ, ಅಡ್ಡಗಾಲು ಹಾಕಿದ್ದ ಕರುವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಎಳೆದು ತೆಗೆದಿದ್ದೆ. ಮೊಣಕೈವರೆಗೆ ರಕ್ತ, ಸಗಣಿ. ಅವರು ತಂಬಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ನೀರು ಸೋಸಿ ಸೋಸಿ ನನ್ನ ಕೈಗೆ ಹಾಕತೊಡಗಿದರು. ಒಂದು ಹನಿ ಬಿದ್ದ ಮೇಲೆ ಇನ್ನೊಂದು ಹನಿ.

“ಕೈ ತೊಳಿಯಾಕ ಸೋಸಿದ ನೀರ ಯಾಕ್ರಿ ಕಾಕಾ? ನಾ ಕುಡಿಯಾಂವ ಅಲ್ಲ,” ಎಂದೆ.

“ನಿಮಗಲ್ಲ ಡಾಕ್ಟರ. ನೀರಾಗಿನ ಜೀವಕ್ಕ,” ಎಂದರು.

ಅವರ ಮನೆತನ ಜೈನರದು. ನದಿಯ ದಂಡೆಯಲ್ಲಿ ಕಬ್ಬು, ಮೇಲಿನ ಹೊಲದಲ್ಲಿ ದ್ರಾಕ್ಷಿ, ಕೂಡು ಮನೆ, ನಾಲ್ವರು ಅಣ್ಣತಮ್ಮಂದಿರು. ಕಾಕಾ ಹಿರಿಯರು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ. ಉಳ್ಳಾಗಡ್ಡಿ, ಬಟಾಟೆ ಮುಟ್ಟುವವರಲ್ಲ. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ತಿನ್ನುವವರಲ್ಲ. ಅವರ ಜೊತೆ ನಡೆಯುವುದೇ ಒಂದು ಶಿಕ್ಷೆ. ಎರಡು ಮಾರು ಮುಂದಿನ ನೆಲ ನೋಡುತ್ತ ನಡೆಯುವರು. ಮಾತು ಅರ್ಧಕ್ಕೆ ನಿಲ್ಲುತ್ತದೆ, ಎತ್ತಿದ ಕಾಲು ಗಾಳಿಯಲ್ಲೇ ಉಳಿಯುತ್ತದೆ, ಆಮೇಲೆ ಪಕ್ಕದಲ್ಲೆಲ್ಲೋ ಇಳಿಯುತ್ತದೆ. ಕೆಳಗೆ ನೋಡಿದರೆ ಒಂದು ಹುಳ ತನ್ನ ಪಾಡಿಗೆ ತಾನು ದಾಟುತ್ತಿರುತ್ತದೆ. ಅದು ದಾಟಿದ ಮೇಲೆ ಮಾತು ಬಿಟ್ಟಲ್ಲಿಂದಲೇ ಶುರು. ನನಗೆ ಅಷ್ಟರಲ್ಲಿ ಏನು ಮಾತಾಡುತ್ತಿದ್ದೆವು ಎಂಬುದೇ ಮರೆತಿರುತ್ತಿತ್ತು.

ಈ ಮನೆತನಕ್ಕೆ ಊರಿನ ಮೇಲ್ಗಡೆ ಒಂದು ಮಡ್ಡಿ ಇತ್ತು. ಮಡ್ಡಿ ಎಂದರೆ ನಮ್ಮ ಕಡೆ ಏನೂ ಬೆಳೆಯದ ಎತ್ತರದ ಕಲ್ಲುನೆಲ. ಗರಸು ಮಣ್ಣು, ಮೊಣಕಾಲೆತ್ತರದ ಒಣ ಹುಲ್ಲು, ಮುಳ್ಳಿನ ಕವಳಿ ಕಂಟಿ, ಅಲ್ಲೊಂದು ಇಲ್ಲೊಂದು ಜಾಲಿ. ಹೆಣ್ಣು ಕೊಡುವವರು ಆಸ್ತಿ ನೋಡಲು ಬಂದರೆ ಆ ಕಡೆ ಕರೆದುಕೊಂಡು ಹೋಗುವುದಿಲ್ಲ. ಕಾಕಾ ಮಾತ್ರ ಮದುವೆಯಾದಂದಿನಿಂದ ಹೆಂಡತಿಯ ಜೊತೆ ದಿನಾ ಮುಂಜಾನೆ ಅಲ್ಲಿಗೆ ಹೋಗುತ್ತಿದ್ದರು. ಕೂಡು ಮನೆಯಲ್ಲಿ ಗಂಡ ಹೆಂಡತಿ ನಾಲ್ಕು ಮಾತಾಡಲು ಬೇರೆ ಜಾಗವೆಲ್ಲಿ? ಆಕೆ ಮುಂದೆ, ಇವರು ಹಿಂದೆ. ನಲವತ್ತು ವರ್ಷ ಹೀಗೇ ನಡೆದರು. ಆಕೆ ತೀರಿಕೊಂಡ ಮೇಲೂ ಇವರು ಬಿಡಲಿಲ್ಲ. ಒಬ್ಬರೇ ಹೋಗುವಾಗಲೂ ಮುಂದೆ ಒಬ್ಬರಿಗೆ ಜಾಗ ಬಿಟ್ಟಂತೆ ದಾರಿಯ ಒಂದು ಬದಿಗೇ ನಡೆಯುತ್ತಿದ್ದರು. ಇದನ್ನು ನಾನೇ ಕಂಡಿದ್ದೇನೆ.

ಹೀಗಿರುವಾಗ ಒಬ್ಬ ದೊಡ್ಡ ಸಾಹುಕಾರರಿಗೆ ಗಾಲ್ಫ್ ಮೈದಾನ ಮಾಡುವ ಮನಸ್ಸಾಯಿತು. ಜಾಗ ತೋರಿಸಲು ಇಂಗ್ಲೆಂಡಿನಿಂದ ಒಬ್ಬ ತಜ್ಞನನ್ನು ಕರೆಸಿದರು. ಅವನಿಗೆ ಹಸಿರು ಹೊಲ, ನದಿ ದಂಡೆ ಎಲ್ಲ ತೋರಿಸಿದರು. ಅವನು ಮೂಗು ಮುರಿದ. ಹೋಗುವ ದಾರಿಯಲ್ಲಿ ಈ ಮಡ್ಡಿ ಕಂಡು ಕಾರು ನಿಲ್ಲಿಸಿ, ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತನಂತೆ. ಅವರ ದೇಶದಲ್ಲಿ ಇಂಥದೇ ನೆಲಕ್ಕೆ ಹೀತ್ ಎನ್ನುತ್ತಾರಂತೆ. ಅದರ ಮೇಲಿನ ಹಳೆಯ ಕ್ಲಬ್ಬುಗಳಿಗೆ ಸದಸ್ಯರಾಗಲು ಲಾರ್ಡುಗಳೂ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಾರಂತೆ. ಒಂದು ಕಂಟಿಯನ್ನೂ ಕೀಳಬೇಡಿ, ಹುಲ್ಲನ್ನು ಹಾಗೇ ಬಿಡಿ ಎಂದು ಹೇಳಿ ಹೋದ. ಊರಿನ ಜನ ಆ ಮಡ್ಡಿಯನ್ನು ಮೊದಲ ಸಲ ಮರ್ಯಾದೆಯಿಂದ ನೋಡಿದರು.

ಮೂವರು ತಮ್ಮಂದಿರು ಮಾರಲು ತಯಾರು. ಕಾಕಾ ಒಬ್ಬರೇ ಸಹಿ ಹಾಕಲೊಲ್ಲರು. ಕೊನೆಗೆ ಸಾಹುಕಾರರು ತಾವೇ ಬಂದು ಕಟ್ಟೆಯ ಮೇಲೆ ಕುಳಿತು, ನಿಮಗೇನು ಬೇಕು ಎಂದು ಕೇಳಿದರು.

“ನನಗೇನೂ ಬ್ಯಾಡ್ರಿ. ದಿನಾ ಮುಂಜಾನೆ ಅಲ್ಲಿ ಅಡ್ಡಾಡಾಕ ಬಿಡ್ರಿ ಸಾಕು.”

“ಅಡ್ಡಾಡೂದ ಏನ ಬಂತ್ರಿ ಕಾಕಾ, ನೀವು ಆಡ್ರಿ! ಇವತ್ತಿಂದ ನೀವ ನಮ್ಮ ಕ್ಲಬ್ಬಿನ ಆಜೀವ ಸದಸ್ಯರು,” ಎಂದರು ಸಾಹುಕಾರರು. ಕೂತವರೆಲ್ಲ ನಕ್ಕರು. ಕಾಕಾ ನಗದೆ ಸಹಿ ಹಾಕಿದರು.

ಮೈದಾನ ತಯಾರಾಗಲು ಎರಡು ವರ್ಷ ಹಿಡಿಯಿತು. ಒಂಬತ್ತು ಕುಳಿ, ಎರಡು ಸಲ ಸುತ್ತಿದರೆ ಹದಿನೆಂಟು. ಕೊಲ್ಲಾಪುರ, ಸಾಂಗ್ಲಿ, ಬೆಳಗಾವಿಯ ಶ್ರೀಮಂತರು, ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳು ಸದಸ್ಯರಾದರು. ಯಾರು ಯಾರೋ ಅರ್ಜಿ ಹಾಕಿ ಕಾಯುತ್ತಿದ್ದರು. ನಾನು ಒಳಗೆ ಹೋದದ್ದು ಹೇಗೆಂದರೆ, ಸಾಹುಕಾರರ ಕುದುರೆಯ ಹೊಟ್ಟೆನೋವನ್ನು ನನ್ನ ಔಷಧ ವಾಸಿ ಮಾಡಿತು. ಅಥವಾ ಅದು ತಾನಾಗೇ ವಾಸಿಯಾಯಿತು. ಸದಸ್ಯತ್ವ ಕೊಡುವಾಗ ಕುದುರೆಯನ್ನು ಯಾರೂ ಕೇಳಲಿಲ್ಲ.

ಬಾಗಿಲು ತೆರೆದ ಮೊದಲ ದಿನ ಬೆಳಿಗ್ಗೆ ಆರಕ್ಕೆ ಕಾಕಾ ಗೇಟಿನ ಮುಂದೆ ನಿಂತಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಪುಣೆಯ ಕಡೆಯ ಒಬ್ಬ ನಿವೃತ್ತ ಕರ್ನಲ್. ನಾಲ್ಕು ತಿಂಗಳಲ್ಲಿ ಕನ್ನಡ ಕಲಿತಿದ್ದರು, ಮರಾಠಿ ಬಿಟ್ಟಿರಲಿಲ್ಲ. ಸದಸ್ಯತ್ವದ ಕಾಗದ ನೋಡಿ ಸೆಲ್ಯೂಟ್ ಹೊಡೆದರು. ಆದರೆ ಮೈದಾನದ ಮೇಲೆ ಬರೇ ನಡೆಯುವಂತಿಲ್ಲ, ಚೆಂಡು ತಲೆಗೆ ಬಿದ್ದೀತು, ಆಡುವವರು ಮಾತ್ರ ಹೋಗಬಹುದು ಎಂದರು.

“ಆಡಾಕ ಏನೇನ ಬೇಕ್ರಿ?”

“ಬಡಿಗಿ, ಚೆಂಡು, ಬೂಟು, ಪ್ಯಾಂಟು. ಕಾಲರ್ ಇರೂ ಅಂಗಿ.”

“ಧೋತರ?”

“ನಿಯಮ ಮ್ಹಣಜೆ ನಿಯಮ, ಕಾಕಾ.”

ಶಾಲೆ ಬಿಟ್ಟ ಮೇಲೆ ಪ್ಯಾಂಟು ಹಾಕದ ಮನುಷ್ಯ ಕುಡಚಿಗೆ ಬಂದು ಒಬ್ಬ ಹಳೆಯ ದರ್ಜಿಯ ಮುಂದೆ ನಿಂತರು. ನಾನು ಜೊತೆಗಿದ್ದೆ. ದರ್ಜಿ ಅಳತೆ ತೆಗೆಯುತ್ತ, “ಯಾರದ ಲಗ್ನಾರಿ ಕಾಕಾ?” ಎಂದ. ಕಾಕಾ ಬಿಳಿ ಬಟ್ಟೆಯನ್ನೇ ಕೊಟ್ಟರು. ಕುಳಿತು ಏಳಲು ಬರುವಂತೆ ಸಡಿಲ ಇರಲಿ, ನೀರಿನ ಬಾಟಲಿ ಹಿಡಿಯುವ ಕಿಸೆ ಇರಲಿ ಎಂದರು. ಆ ಪ್ಯಾಂಟಿನಲ್ಲಿ ಇನ್ನೊಬ್ಬರಿಗೂ ಜಾಗವಿತ್ತು. ಚರ್ಮದ ಬೂಟು ಮುಟ್ಟುವುದಿಲ್ಲವಾದ್ದರಿಂದ ಕ್ಯಾನ್ವಾಸ್ ಬೂಟು. ಕೈಗವುಸು ಕೊಟ್ಟರೆ, ಅದೂ ಚರ್ಮದ್ದೇ ಎಂದು ಮೂಸಿ ನೋಡಿ ವಾಪಸ್ಸು ಕೊಟ್ಟರು.

ಆಟ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೇ ಬರುತ್ತಿರಲಿಲ್ಲ, ಆ ಮಾತು ಬೇರೆ. ಮೊದಲ ಪಾಠದಲ್ಲಿ ಅವರು ಒಂದೇ ಪ್ರಶ್ನೆ ಕೇಳಿದರು.

“ಕುಳ್ಯಾಗ ಚೆಂಡ ಹಾಕೂದು, ಮತ್ತ ಬಗ್ಗಿ ತಗಿಯೂದು. ಹೌದಲ್ರಿ?”

“ಹೌದ್ರಿ.”

“ಮತ್ತ ಹಾಕೂದ ಯಾಕ?”

ನಾನು ಕೋಲನ್ನು ಅವರ ಕೈಗಿಟ್ಟೆ.

ಕೋಲನ್ನು ಅವರು ಕಬ್ಬು ಕಡಿಯುವ ಕೊಯ್ತಾದ ಹಾಗೆ ಹಿಡಿದರು, ಹಾಗೇ ಬೀಸಿದರು. ಬುಡಕ್ಕೇ ಏಟು. ಚೆಂಡು ಎಂದೂ ಮೊಣಕಾಲಿನ ಮೇಲೆ ಏಳಲಿಲ್ಲ. ಆದರೆ ಆ ಗಟ್ಟಿ ನೆಲದ ಮೇಲೆ ಅದು ಉರುಳುತ್ತಾ ಉರುಳುತ್ತಾ ಎಲ್ಲಿಗೋ ಹೋಗುತ್ತಿತ್ತು. ಕೊಲ್ಲಾಪುರದವರು ಹಕ್ಕಿಯ ಹಾಗೆ ಹಾರಿಸಿದ ಚೆಂಡುಗಳು ಗಾಳಿಗೆ ತಿರುಗಿ ಕವಳಿ ಕಂಟಿಯೊಳಗೆ ಬೀಳುತ್ತಿದ್ದವು. ಅವನ್ನು ಹುಡುಕಿ ಕೊಡುವವರೂ ಕಾಕಾನೇ. ಹಣ್ಣಿನ ದಿನಗಳಲ್ಲಿ ಚೆಂಡಿನ ಜೊತೆ ಒಂದು ಬೊಗಸೆ ಕವಳಿ ಹಣ್ಣೂ ಬರುತ್ತಿತ್ತು.

ಏಳನೆಯ ಕುಳಿಯ ಹತ್ತಿರ ಕರ್ನಲ್ಲರ ಚೆಂಡು ಯಾವಾಗಲೂ ಎಡಕ್ಕೆ ಓಡುತ್ತಿತ್ತು. ನೋಡಲು ನೆಲ ಸಪಾಟಾಗಿದೆ. ಬಗ್ಗಿ ನೋಡಿದರು, ಮಲಗಿ ನೋಡಿದರು, ಅಳತೆಯ ಯಂತ್ರ ತರಿಸಿ ನೋಡಿದರು, ತಿಳಿಯಲಿಲ್ಲ. ಕಾಕಾ ನಿಂತಲ್ಲಿಂದಲೇ ಹೇಳಿದರು:

“ಅಲ್ಲಿ ನಮ್ಮಪ್ಪ ಬದು ಹಾಕಿದ್ದರಿ. ಮಳಿ ನೀರ ಎಡಕ್ಕ ಹರೀತಿತ್ತು. ನೀರ ಎತ್ತ ಹೋಗತೈತೋ ನಿಮ್ಮ ಚೆಂಡೂ ಅತ್ತ ಹೋಗತೈತಿ.”

ಕರ್ನಲ್ಲರು ಅಂದಿನಿಂದ ಪ್ರತಿ ಕುಳಿಯಲ್ಲೂ, “ಕಾಕಾ, ಇಥೆ ಪಾಣಿ ಕುಠೆ ಜಾತಂಯ? ನೀರ ಎಲ್ಲಿ ಹೋಗತದ?” ಎಂದು ಕೇಳಿಯೇ ಹೊಡೆಯುತ್ತಿದ್ದರು. ಅವರ ಆಟ ಸುಧಾರಿಸಿತು. ಕಾಕಾರ ಆಟ ಸುಧಾರಿಸುವ ಲಕ್ಷಣವಿರಲಿಲ್ಲ, ಅವರಿಗೆ ಅದರ ಚಿಂತೆಯೂ ಇರಲಿಲ್ಲ. ಒಂದು ಹೊಡೆತ ಹೊಡೆದು, ದಾರಿಯಲ್ಲಿ ಎರಡು ಗಿಡ ಮಾತಾಡಿಸಿ, ಕಾಂಗ್ರೆಸ್ ಹುಲ್ಲು ಕಂಡರೆ ಕಿತ್ತು, ಹುಳ ದಾಟಲು ಬಿಟ್ಟು, ನಿಧಾನವಾಗಿ ಚೆಂಡಿನ ಹತ್ತಿರ ಹೋಗುವರು. ಮೂರನೆಯ ಕುಳಿಯ ಬದಿಗೆ ಒಂದು ಚಪ್ಪಟೆ ಕಲ್ಲಿದೆ. ಹೆಂಡತಿ ಕಾಲಿನ ಮುಳ್ಳು ತೆಗೆಯಲು ಕುಳಿತುಕೊಳ್ಳುತ್ತಿದ್ದ ಕಲ್ಲು. ಅದರ ಹತ್ತಿರ ಬಂದಾಗ ಟೋಪಿ ಸರಿ ಮಾಡಿಕೊಂಡು ಒಂದು ನಿಮಿಷ ನಿಲ್ಲುತ್ತಿದ್ದರು. ಒಮ್ಮೆ ನಾನು ಅವಸರ ಮಾಡಿದೆ. “ಅಕಿ ಬಾಳ ಸಾವಕಾಶ ಏಳ್ತಿದ್ಲರಿ,” ಎಂದರು.

ಹಿಂದೆ ಆಡುತ್ತ ಬರುವವರು ಎಷ್ಟು ದಿನ ತಾಳಿಯಾರು? ದೂರದಿಂದ ಕಾರು ಓಡಿಸಿಕೊಂಡು ಬಂದವರು ಒಬ್ಬ ಮುದುಕರ ಬೆನ್ನು ನೋಡುತ್ತ ನಿಲ್ಲಬೇಕಾದರೆ ಸಿಟ್ಟು ಬರುವುದು ಸಹಜ. ದೂರು ಹೋಯಿತು. ಕಮಿಟಿ ಕೂತು ಒಂದು ನಿಯಮ ಮಾಡಿತು: ಒಂದು ಕುಳಿಗೆ ಆರು ಹೊಡೆತದಂತೆ, ಹದಿನೆಂಟು ಕುಳಿಗಳನ್ನು ನೂರಾ ಎಂಟು ಹೊಡೆತಗಳೊಳಗೆ ಮುಗಿಸಲಾರದವರು ಮೈದಾನಕ್ಕೆ ಇಳಿಯುವಂತಿಲ್ಲ. ಹಳೆಯ ಸದಸ್ಯರಿಗೂ ಒಂದು ಪರೀಕ್ಷೆ. ನಿಯಮದಲ್ಲಿ ಯಾರ ಹೆಸರೂ ಇರಲಿಲ್ಲ, ಯಾರಿಗಾಗಿ ಮಾಡಿದ್ದೆಂದು ಎಲ್ಲರಿಗೂ ಗೊತ್ತಿತ್ತು. ಪರೀಕ್ಷೆಯಲ್ಲಿ ಸೋತವರ ಸದಸ್ಯತ್ವವೇನೂ ಹೋಗುವುದಿಲ್ಲ; ಜಗಲಿಯ ಮೇಲೆ ಕೂತು ಬದುಕಿರುವತನಕ ಚಹಾ ಕುಡಿಯಬಹುದು. ಕಾಕಾ ಚಹಾ ಕುಡಿಯುತ್ತಿರಲಿಲ್ಲ.

ಅವರು ನೂರಾ ಇಪ್ಪತ್ತರ ಕೆಳಗೆ ಎಂದೂ ಮುಗಿಸಿದವರಲ್ಲ. ಸುದ್ದಿ ಹೇಳಲು ಹೋದರೆ ಅವರ ಮುಖ ಅರಳಿತು.

“ನೂರಾ ಎಂಟಾ? ನಮ್ಮ ಜಪಮಾಲ್ಯಾಗ ಅಷ್ಟ ಮಣಿ ಅದಾವಲ್ರಿ!”

ಮರುದಿನದಿಂದ ಎಡಗೈಗೆ ಜಪಮಾಲೆ ಸುತ್ತಿಕೊಂಡು ಬಂದರು. ಹೊಡೆತಕ್ಕೊಂದು ಣಮೋಕಾರ ಮಂತ್ರ, ಮಂತ್ರಕ್ಕೊಂದು ಮಣಿ. ಆಟವೂ ಆಯಿತು, ಜಪವೂ ಆಯಿತು ಎಂಬುದು ಅವರ ವಾದ. ಆಶ್ಚರ್ಯವೆಂದರೆ ಹೊಡೆತಗಳು ಇಳಿಯತೊಡಗಿದವು. ಮಂತ್ರ ಹೇಳುವಷ್ಟು ಹೊತ್ತು ಸುಮ್ಮನೆ ನಿಂತು ಹೊಡೆಯುವುದರಿಂದ ಕೈ ಸ್ಥಿರವಾಯಿತೆಂದು ನಾನಂದುಕೊಂಡೆ. ನೂರಾ ಹದಿನಾರು, ನೂರಾ ಹನ್ನೆರಡು, ಒಂದು ದಿನ ನೂರಾ ಒಂಬತ್ತು. ಹದಿನೈದು ದಿನ ನಾನು ಆಸ್ಪತ್ರೆಯ ಕೆಲಸ ಬೇಗ ಬೇಗ ಮುಗಿಸಿ ಓಡಿ ಬರುತ್ತಿದ್ದೆ. ರಾಯಬಾಗ ತಾಲೂಕಿನ ಎಮ್ಮೆಗಳು ನನ್ನನ್ನು ಕ್ಷಮಿಸಲಿ.

ಪರೀಕ್ಷೆ ನಡೆದದ್ದು ಮುಂಗಾರಿನ ಮೊದಲ ಮಿರಗದ ಮಳೆ ಇವತ್ತೋ ನಾಳೆಯೋ ಎನ್ನುವ ದಿನಗಳಲ್ಲಿ, ಒಂದು ಶನಿವಾರ ಮಧ್ಯಾಹ್ನ. ಗಾಳಿ ಇಲ್ಲ, ಪಡುವಣದಲ್ಲಿ ಮೋಡ. ಕರ್ನಲ್ಲರು ಬರೆಯುವ ಹಲಗೆ ಹಿಡಿದು ಜೊತೆಗೆ ಬಂದರು. ಕಾಕಾರ ಚೀಲ ನಾನೇ ಹೊತ್ತೆ. ಅದರಲ್ಲಿ ಕೋಲುಗಳು ನಾಲ್ಕು, ಸೋಸಿದ ನೀರಿನ ಬಾಟಲಿ ಒಂದು, ಹೊತ್ತು ಮುಳುಗುವ ಮೊದಲು ಉಣ್ಣಲೆಂದು ಸೊಸೆ ಕಟ್ಟಿಕೊಟ್ಟ ಡಬ್ಬಿ ಒಂದು.

ಮೊದಲ ಸುತ್ತಿಗೆ ಐವತ್ತೈದು ಹೊಡೆತ. ಅರ್ಧಕ್ಕಿಂತ ಒಂದು ಹೆಚ್ಚು. ಎರಡನೆಯ ಸುತ್ತಿನಲ್ಲಿ ಅವರಿಗೆ ಏನಾಯಿತೋ ಕಾಣೆ, ಕಬ್ಬು ಕಡಿದಂತೆ ಕಡಿಯುತ್ತ ಹೋದರು. ಒಂದು ಕಡೆ ನೂರು ಮಾರು ದೂರದಿಂದ ಉರುಳಿಸಿದ ಚೆಂಡು ಹಳೆಯ ನೀರಿನ ದಾರಿ ಹಿಡಿದು, ಎರಡು ತಿರುವು ತೆಗೆದುಕೊಂಡು, ಕುಳಿಯ ಕಂಠದಲ್ಲಿ ನಿಂತಿತು. ಕರ್ನಲ್ಲರು ಹಲಗೆ ಕಂಕುಳಲ್ಲಿ ಇಟ್ಟುಕೊಂಡು ಚಪ್ಪಾಳೆ ಹೊಡೆದೇಬಿಟ್ಟರು. ಚಪ್ಪಟೆ ಕಲ್ಲಿನ ಹತ್ತಿರ ಅವತ್ತಾದರೂ ನಿಲ್ಲದೆ ಬರುವರೇನೋ ಎಂದು ನೋಡಿದೆ. ನಿಂತರು. ಡಬ್ಬಿ ಬಿಚ್ಚಿ ಅಲ್ಲೇ ನಾಲ್ಕು ತುತ್ತು ಉಂಡರು. ಹಿಂದಿದ್ದ ನಿಪ್ಪಾಣಿಯವರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

ಕೊನೆಯ ಕುಳಿಗೆ ಬರುವಾಗ ನೂರಾ ಎರಡಾಗಿತ್ತು. ಉಳಿದದ್ದು ಆರು ಮಣಿ. ಐದನೆಯ ಹೊಡೆತಕ್ಕೆ ಚೆಂಡು ಕುಳಿಯಿಂದ ಒಂದು ಮೊಳದಷ್ಟು ದೂರ ಬಂದು ನಿಂತಿತು. ಕೂಸು ಕೂಡ ಕಾಲಿನಿಂದ ತಳ್ಳಿ ಹಾಕುವಷ್ಟು ದೂರ. ಮಾಲೆಯಲ್ಲಿ ಒಂದೇ ಮಣಿ. ನಾನು ಚೀಲ ಕೆಳಗಿಟ್ಟು ಅವರನ್ನು ಎತ್ತಿಕೊಳ್ಳಲು ತಯಾರಾಗಿ ನಿಂತಿದ್ದೆ.

ಕಾಕಾ ಕೋಲು ಹಿಡಿದು ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು. ಆಮೇಲೆ ಕೋಲು ಬಿಟ್ಟು ಮೊಣಕಾಲೂರಿ ಕುಳಿತರು.

ಚೆಂಡಿಗೂ ಕುಳಿಗೂ ನಡುವೆ ಒಂದು ಇರುವೆಯ ಸಾಲು. ಕಪ್ಪು, ಸಣ್ಣ ಇರುವೆ. ಒಂದೊಂದರ ಬಾಯಲ್ಲೂ ಅಕ್ಕಿ ನುಚ್ಚಿನಷ್ಟು ಬಿಳಿ ತತ್ತಿ. ಮೆತ್ತನೆಯ ಹುಲ್ಲಿನ ಈ ಅಂಚಿನಿಂದ ಆ ಅಂಚಿಗೆ ಸಾಲು ಹರಿಯುತ್ತಲೇ ಇತ್ತು, ಮುಗಿಯುವ ಲಕ್ಷಣವಿರಲಿಲ್ಲ.

“ಮಳಿ ಬರ್ತೈತಿ,” ಎಂದರು ಕಾಕಾ. “ಮನಿ ಬದಲ ಮಾಡಾಕತ್ತಾವ.”

ಕರ್ನಲ್ಲರು ಕೆಮ್ಮಿದರು. “ಕಾಕಾ, ನಿಯಮದಾಗ ಅವಕಾಶ ಅದ. ಹುಳ ಹುಪ್ಪಡಿ ಇದ್ರ ತೆಗೀಬಹುದು. ಟೋಪಿಯಿಂದ ಝಾಡಿಸಿ ಟಾಕಾ, ಸರಿಸಿಬಿಡ್ರಿ.”

“ಬಾಯಾಗ ತತ್ತಿ ಅದಾವ್ರಿ ಸಾಹೇಬ್ರ. ಝಾಡಿಸಿದ್ರ ತತ್ತಿ ಒಂದ ಕಡೆ, ತಾಯಿ ಒಂದ ಕಡೆ.”

“ಸ್ವಲ್ಪ ಹೊತ್ತ ಕಾಯೋಣ್ರಿ,” ಎಂದೆ ನಾನು.

“ಇದು ನಾಳೆ ತನಕ ಮುಗಿಯೂದಲ್ಲ ಡಾಕ್ಟರ,” ಎಂದರು ಕಾಕಾ. “ಹಿಂದಿನವ್ರ ನಿಂತಾರ.”

“ಹಂಗಾರ ಚೆಂಡ ಮ್ಯಾಲ ಎಬ್ಬಿಸಿ ದಾಟಿಸಿಬಿಡ್ರಿ!”

ಕಾಕಾ ನನ್ನನ್ನು ಕನಿಕರದಿಂದ ನೋಡಿದರು. “ನನ್ನ ಚೆಂಡ ಎಂದರ ಮ್ಯಾಲ ಎದ್ದೈತೇನ್ರಿ?”

ನನಗೆ ತಡೆಯಲಾಗಲಿಲ್ಲ. ಹದಿನೈದು ದಿನ ಬಿಸಿಲಿನಲ್ಲಿ ಓಡಾಡಿದ ಸಿಟ್ಟೆಲ್ಲ ಒಮ್ಮೆಲೇ ಬಂತು. “ಕಾಕಾ, ಇದು ತಪ್ಪಿದ್ರ ನಾಳಿಯಿಂದ ಈ ಮಡ್ಡಿ ಮ್ಯಾಲ ಕಾಲ ಇಡಾಕ ಬರೂದಿಲ್ಲ ನಿಮಗ! ತಿಳೀತೈತಿಲ್ಲೋ?”

“ತಿಳೀತೈತ್ರಿ.” ದನಿ ಸಣ್ಣದಾಗಿತ್ತು. “ನಾ ಆದ್ರ ಮಡ್ಡಿ ಬಿಟ್ಟ ಮನಿಗಿ ಹೋದೇನು. ಇವು ಎಲ್ಲಿಗಿ ಹೋಗಬೇಕು?”

ಎದ್ದರು. ಚೆಂಡಿನ ಆಚೆ ಬದಿಗೆ ಹೋಗಿ ನಿಂತು, ಕೊನೆಯ ಮಣಿಯ ಮಂತ್ರ ಹೇಳಿ, ಕುಳಿಯ ಕಡೆಗಲ್ಲ, ಪಕ್ಕಕ್ಕೆ ಮೆಲ್ಲಗೆ ತಳ್ಳಿದರು. ಚೆಂಡು ಸಾಲಿನ ಗುಂಟ ಉರುಳುತ್ತ ಹೋಯಿತು. ಅಂಚಿನ ಹತ್ತಿರ ಇರುವೆಗಳು ನೆಲದ ಬಿರುಕಿನೊಳಗೆ ಇಳಿಯುವಲ್ಲಿ ಸಾಲನ್ನು ಬಳಸಿಕೊಂಡು, ಇಳಿಜಾರಿನಲ್ಲಿ ತಿರುಗಿ, ಕುಳಿಯ ಆಚೆ ಬದಿಗೆ ಬಂದು ನಿಂತಿತು. ಅದಕ್ಕಿಂತ ಚೆಂದದ ಹೊಡೆತವನ್ನು ಆ ಮೈದಾನದಲ್ಲಿ ನಾನು ನೋಡಿಲ್ಲ. ಅದು ನೂರಾ ಎಂಟನೆಯದು. ನೂರಾ ಒಂಬತ್ತನೆಯದಕ್ಕೆ ಚೆಂಡು ಕುಳಿಯೊಳಗೆ ಬಿತ್ತು.

ಕರ್ನಲ್ಲರು ಹಲಗೆಯನ್ನೇ ನೋಡುತ್ತಿದ್ದರು. ಆಮೇಲೆ ಅವರು ಹೇಳಿದ ಮಾತು, ಅವರ ಬಾಯಿಂದ ನಾನು ಎಂದೂ ನಿರೀಕ್ಷಿಸದ್ದು.

“ನಾ ಮೋಡ ನೋಡಾಕತ್ತಿದ್ದೆ. ಕೊನೀದು ಒಂದೇ ಹೊಡೆತ ಕಂಡಿತು. ನೂರಾ ಎಂಟು ಅಂತ ಬರೀತೀನಿ.”

ನಾನು ಕರ್ನಲ್ಲರ ಕಾಲಿಗೆ ಬೀಳುವುದೊಂದು ಬಾಕಿ. ಕಾಕಾ ಮಾಲೆಯನ್ನು ಮುಂದೆ ಹಿಡಿದರು.

“ಇದರಾಗ ನೂರಾ ಎಂಟ ಅದಾವ್ರಿ ಸಾಹೇಬ್ರ. ಕಡೀ ಹೊಡತ ನಾ ಮಣಿ ಇಲ್ಲದ ಹೊಡದೀನಿ. ನೀವು ಬರೀಲಿಲ್ಲಂದ್ರ ಅದ ಹೊಡದಂಗ ಆಗೂದಿಲ್ಲೇನು?”

ಕರ್ನಲ್ಲರು ನೂರಾ ಒಂಬತ್ತು ಎಂದು ಬರೆದರು. ಕಾಕಾ ಕನ್ನಡಕ ಹಾಕಿಕೊಂಡು ಓದಿ ಸಹಿ ಹಾಕಿದರು. ಇಬ್ಬರಿಗೂ ಕೈ ಮುಗಿದು ಗೇಟಿನ ಕಡೆ ಹೊರಟರು. ಎಂದೂ ಹಿಂತಿರುಗಿ ನೋಡದ ಮನುಷ್ಯ ಅವತ್ತು ಎರಡು ಸಲ ನೋಡಿದರು. ನಾನು ಸಿಟ್ಟಿಗೆ ಮಾತಾಡಿಸಲಿಲ್ಲ. ಆ ರಾತ್ರಿ ಮಳೆ ಸುರಿಯಿತು, ನನಗೆ ಆ ಇರುವೆಗಳ ಮೇಲೂ ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ಕರ್ನಲ್ಲರ ಫೋನು. “ಡಾಕ್ಟರ್, ತಾಬಡತೋಬ, ಈಗಿಂದೀಗ ಬರ್ರಿ.”

ಹೋದೆ. ಮೈದಾನದ ಹಿಂದೆ ಕೆಲಸದವರಿಗೆಂದು ಒಂದು ಸಣ್ಣ ಬಾಗಿಲಿದೆ. ಅಲ್ಲಿಂದ ಕಸ ತೆಗೆಯುವ ಹೆಣ್ಣುಮಕ್ಕಳು ಸಾಲಾಗಿ ಒಳಗೆ ಬರುತ್ತಿದ್ದರು. ಎಂಟು ಜನ ಹೆಣ್ಣುಮಕ್ಕಳು, ಅವರ ಹಿಂದೆ ಕಾಕಾ. ಧೋತರ, ಟೋಪಿ, ಕೆಲಸದವರಿಗೆ ಕೊಡುವ ಹಸಿರು ಅಂಗಿ. ಕೈಯಲ್ಲಿ ಒಂದು ಬುಟ್ಟಿ.

“ಕಾಕಾ, ಹೇ ಕಾಯ? ಇದೇನು?” ಎಂದರು ಕರ್ನಲ್ಲರು.

“ನಿಮ್ಮ ನಿಯಮ ಪೂರಾ ಓದಿಸಿ ಕೇಳೀನ್ರಿ. ಆಡಾವ್ರಿಗಿ ಅಷ್ಟ ಪರೀಕ್ಷಾ. ಕಸ ತಗಿಯಾವ್ರಿಗಿ ಏನೂ ಇಲ್ಲ. ಧೋತರಾನೂ ನಡೀತೈತಿ.”

ಕರ್ನಲ್ಲರು ನಿಯಮದ ಪುಸ್ತಕ ತರಿಸಿ ನಿಂತಲ್ಲೇ ಮಗುಚಿ ಹಾಕಿದರು. ಹಾಗೇ ಇತ್ತು. ಅವರು ನಕ್ಕದ್ದನ್ನು ಅವತ್ತೇ ಮೊದಲ ಸಲ ನೋಡಿದೆ.

ಅಂದಿನಿಂದ ಐದು ವರ್ಷ ಕಾಕಾ ಹಿಂದಿನ ಬಾಗಿಲಿನಿಂದ ಬಂದರು. ಕೂಲಿ ಬೇಡ ಎಂದಿದ್ದರು. ನೆಲದೊಳಗಿನ ಜೀವಕ್ಕೆ ತಾಗೀತೆಂದು ಕಸ ಅಗೆಯುವ ಕುರಪಿ ಮುಟ್ಟದೆ ಕೈಯಿಂದಲೇ ಒಂದೊಂದು ಕಡ್ಡಿ ಎಳೆಯುವರು. ಹೆಣ್ಣುಮಕ್ಕಳು ಒಂದು ಪಟ್ಟಿ ಮುಗಿಸುವಷ್ಟರಲ್ಲಿ ಇವರದು ಒಂದು ಗೇಣು. “ಕಾಕಾ ಇದ್ರ ಕಸಕ್ಕೂ ಆಯುಷ್ಯ ಜಾಸ್ತಿ,” ಎಂದು ಅವರು ಚೇಷ್ಟೆ ಮಾಡುತ್ತಿದ್ದರು. ಮನೆಯಲ್ಲಿ ಮಾತ್ರ ದೊಡ್ಡ ರಂಪವಾಯಿತು. ದ್ರಾಕ್ಷಿ ತೋಟದ ಮಾಲಕ, ಮನೆಯ ಹಿರಿಯ, ತಾವೇ ಮಾರಿದ ಹೊಲದಲ್ಲಿ ಕಸ ತೆಗೆಯುವುದೆಂದರೇನು? ತಮ್ಮಂದಿರು ಮಾತು ಬಿಟ್ಟರು, ಮಾನ ಹೋಯಿತೆಂದರು. ಇವತ್ತಿಗೂ ಆ ಸಂಗತಿ ಎತ್ತಿದರೆ ಎದ್ದು ಹೋಗುತ್ತಾರೆ. ಕಾಕಾ ಅವರ ಸಿಟ್ಟನ್ನು ಮಳೆ ಬಿಸಿಲುಗಳ ಹಾಗೆ ತೆಗೆದುಕೊಂಡರು.

ನನಗೂ ಮೊದಮೊದಲು ಮುಜುಗರವಾಗುತ್ತಿತ್ತು. ನಾನು ಬೂಟು ಹಾಕಿಕೊಂಡು ಆಡುವುದು, ಅವರು ಅಲ್ಲೇ ಬಗ್ಗಿ ಕಸ ತೆಗೆಯುವುದು. ಎದುರಾದಾಗ ನಾನೇ ಮುಖ ತಿರುಗಿಸಿದ್ದುಂಟು. ಅವರೇ ಕೂಗಿ ಕರೆಯುವರು: “ಡಾಕ್ಟರ, ಬಲಕ್ಕ ಹೊಡೀರಿ, ನೀರ ಎಡಕ್ಕ ಹೋಗತೈತಿ!”

ಎರಡು ವರ್ಷದ ನಂತರ ಕರ್ನಲ್ಲರು ಕಮಿಟಿಯ ಜೊತೆ ಜಗಳ ಮಾಡಿ ಆ ನಿಯಮವನ್ನು ತೆಗೆಸಿದರು. ತಾವೇ ಹೋಗಿ, ಹುಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ ಕಾಕಾರಿಗೆ ಹೇಳಿದರು, ನಾಳೆಯಿಂದ ದೊಡ್ಡ ಗೇಟಿನಿಂದ ಬರ್ರಿ, ಆಡ್ರಿ ಎಂದು. ಕಾಕಾ ಕೈಯಲ್ಲಿದ್ದ ಕಸದ ಕಡ್ಡಿಯನ್ನು ಬುಟ್ಟಿಗೆ ಹಾಕಿದರು.

“ಬ್ಯಾಡ್ರಿ ಸಾಹೇಬ್ರ. ಆಡುಮುಂದ ಚೆಂಡ ನೋಡ್ಕೋತ ಅಡ್ಡಾಡಬೇಕ. ಈಗ ನೆಲಾ ನೋಡ್ಕೋತ ಅಡ್ಡಾಡತೀನಿ. ಇದ ಚಲೋ ಐತಿ.”

ಕೊನೆಯ ವಾರದ ತನಕ ಬಂದರು. ಒಂದು ಗುರುವಾರ ಬರಲಿಲ್ಲ. ಶುಕ್ರವಾರ ಸುದ್ದಿ ಬಂತು. ಎಪ್ಪತ್ತೈದು ವಯಸ್ಸು, ನಿದ್ದೆಯಲ್ಲೇ ಹೋದರಂತೆ. ನಾನು ಅಂತ್ಯಕ್ರಿಯೆಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಕೆಳಗೆ ನೋಡುತ್ತಲೇ ನಡೆದೆನೆಂದು ಆಮೇಲೆ ನೆನಪಾಯಿತು.

ಕ್ಲಬ್ಬಿನಲ್ಲಿ ಯಾರಾದರೂ ತೀರಿಕೊಂಡರೆ ಜಗಲಿಯ ಹಲಗೆಯ ಮೇಲೆ ಹೆಸರು ಬರೆದು ಹಾಕುವ ಪದ್ಧತಿ. ಸದಸ್ಯರಾದರೆ ಸದಸ್ಯರು ಎಂದು, ಕೆಲಸದವರಾದರೆ ಕೆಲಸದ ಹೆಸರು. ಮರುದಿನ ಕರ್ನಲ್ಲರು ಸುಣ್ಣದ ಕಡ್ಡಿ ಹಿಡಿದು ಹಲಗೆಯ ಮುಂದೆ ನಿಂತಿದ್ದರು. ಕಾಕಾರ ಹೆಸರು ಬರೆದಾಗಿತ್ತು, ಕೆಳಗಿನ ಸಾಲು ಖಾಲಿ.

“ಡಾಕ್ಟರ್, ಏನ ಬರೀಲಿ? ಸದಸ್ಯ ಅಂದ್ರ ಅವರ ಆಡೂದ ಬಿಟ್ಟಿದ್ರು. ಕೆಲಸಗಾರ ಅಂದ್ರ ಒಂದ ದಿನಾನೂ ಪಗಾರ ತಗೊಂಡಿಲ್ಲ. ಮಾಲಕ ಅನ್ನೂಣಂದ್ರ ಮಾರಿ ಎಷ್ಟ ವರ್ಷ ಆತು. ನಿಯಮದಾಗ ನಾಲ್ಕನೇದ್ದು ಇಲ್ಲ.”

ಕಸ ತೆಗೆಯುವವರಲ್ಲಿ ಎಲ್ಲರಿಗಿಂತ ಹಿರಿಯಳು ಬುಟ್ಟಿ ಹೊತ್ತುಕೊಂಡು ಆ ಕಡೆಯಿಂದ ಬಂದವಳು, ನಮ್ಮ ಸಮಸ್ಯೆ ಏನೆಂದು ಕೇಳಿದಳು. ಹೇಳಿದೆ. ಅವಳಿಗೆ ಸಿಟ್ಟೇ ಬಂತು.

“ಅದರಾಗೇನೈತ್ರಿ ಯೋಚನಿ ಮಾಡೂದು? ದಿನಾ ಬರ್ತಿದ್ರು ಅಂತ ಬರೀರಿ.”

ಕರ್ನಲ್ಲರು ನನ್ನ ಮುಖ ನೋಡಿದರು, ಹಲಗೆಯ ಕಡೆ ತಿರುಗಿದರು, ಹೆಸರಿನ ಕೆಳಗೆ ತಮ್ಮ ಸೊಟ್ಟ ಕನ್ನಡ ಅಕ್ಷರಗಳಲ್ಲಿ ಅದನ್ನೇ ಬರೆದರು.